ಕಂಡದ್ದನ್ನು ಹೇಳಿದವನ ಜತೆ ಯಾರಿದ್ದಾರೆ?

ಕೆಲಸದ ಜಾಗದಲ್ಲಿ ನಡೆಯುವ ಮೋಸವನ್ನು ಮೊದಲು ಕಾಣುವುದು ಪೊಲೀಸರಲ್ಲ, ಪತ್ರಿಕೆಯವರೂ ಅಲ್ಲ. ಅಲ್ಲೇ ಕುಳಿತು ಬಿಲ್ಲು ಬರೆಯುವ ಹುಡುಗ, ಗೋದಾಮಿನ ಬೀಗ ತೆಗೆಯುವ ವಾಚ್‌ಮನ್, ಆಸ್ಪತ್ರೆಯ ರಾತ್ರಿ ಪಾಳಿಯ ನರ್ಸ್, ಐಸ್ ಪ್ಲಾಂಟಿನ ಮೆಕ್ಯಾನಿಕ್. ನಮ್ಮ ಬ್ಯಾರಿ ಮನೆಗಳಲ್ಲಿ ಇಂಥ ಕೆಲಸದಲ್ಲಿ ಒಬ್ಬರಾದರೂ ಇಲ್ಲದ ಮನೆ ಕಡಿಮೆ. ಊರಲ್ಲಿ ಇಲ್ಲದಿದ್ದರೆ ದಮ್ಮಾಮಿನಲ್ಲೋ ದುಬೈಯಲ್ಲೋ ಉಂಟು. ಅವರು ಕಂಡದ್ದನ್ನು ಮನೆಯಲ್ಲಿ ಹೇಳಿದಾಗ ನಾವು ಕೊಡುವ ಉತ್ತರವೂ ಒಂದೇ: 'ನಿನಗೆ ಯಾಕೆ ಊರ ಉಸಾಬರಿ? ಸಂಬಳ ಬರುತ್ತದಲ್ವಾ, ಸುಮ್ಮನಿರು ಮೋನೆ.'

ಈ ಉತ್ತರ ಕೊಡುವ ತಾಯಿಯನ್ನು ನಾವು ದೂರುವುದಿಲ್ಲ. ಅವಳ ಹೆದರಿಕೆಗೆ ಕಾರಣ ಉಂಟು. ಈ ದೇಶದಲ್ಲಿ ಬಾಯಿ ಬಿಟ್ಟವರಿಗೆ ಆದದ್ದನ್ನು ನೋಡಿದರೆ ಯಾರಿಗಾದರೂ ಎದೆ ಝಲ್ ಎನ್ನುತ್ತದೆ.

ಸತ್ಯೇಂದ್ರ ದುಬೆ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಎಂಜಿನಿಯರ್. ಸುವರ್ಣ ಚತುಷ್ಪಥ ಕಾಮಗಾರಿಯಲ್ಲಿ ನಡೆಯುತ್ತಿದ್ದ ಅಕ್ರಮದ ಬಗ್ಗೆ ನೇರವಾಗಿ ಪ್ರಧಾನಿ ಕಚೇರಿಗೆ ಪತ್ರ ಬರೆದರು, ತಮ್ಮ ಹೆಸರು ಗುಟ್ಟಾಗಿಡಿ ಎಂದು ಕೇಳಿಕೊಂಡರು. ಪತ್ರ ಹೆಸರಿನ ಸಮೇತ ಇಲಾಖೆಯಿಂದ ಇಲಾಖೆಗೆ ತಿರುಗಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಇದು ದರೋಡೆಗಾಗಿ ನಡೆದ ಕೊಲೆ ಎಂದು ಸಿಬಿಐ ಹೇಳಿತು. ಇರಬಹುದು. ಆದರೆ ಗುಟ್ಟಾಗಿಡಿ ಎಂದ ಹೆಸರನ್ನು ಸರಕಾರವೇ ಬಯಲು ಮಾಡಿತು ಎಂಬ ಸಂಗತಿ ಅದರಿಂದ ಅಳಿಸಿ ಹೋಗುವುದಿಲ್ಲ.

ಎರಡು ವರ್ಷ ಕಳೆಯುವಷ್ಟರಲ್ಲಿ ನಮ್ಮ ರಾಜ್ಯದ ಹುಡುಗನ ಸರದಿ. ಕೆಜಿಎಫ್‌ನಲ್ಲಿ ಬೆಳೆದು, ಮೈಸೂರಿನಲ್ಲಿ ಎಂಜಿನಿಯರಿಂಗ್ ಕಲಿತು, ಲಕ್ನೋದ ಐಐಎಂ ಮುಗಿಸಿ ಇಂಡಿಯನ್ ಆಯಿಲ್ ಸೇರಿದ್ದ ಷಣ್ಮುಗಂ ಮಂಜುನಾಥ್. ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಇಂಧನ ಮಾರುತ್ತಿದ್ದ ಪಂಪ್‌ಗಳ ಮೇಲೆ ಕ್ರಮ ಕೈಗೊಂಡದ್ದಕ್ಕೆ 2005ರ ನವೆಂಬರ್ 19ರಂದು ಕೊಲೆಯಾದರು. ಅವರಿಗೆ ಆಗ 27 ವರ್ಷ. ಪಂಪ್ ಮಾಲೀಕನ ಮಗನಿಗೆ ಆದ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ ಎತ್ತಿ ಹಿಡಿದದ್ದು 2015ರಲ್ಲಿ. ಹತ್ತು ವರ್ಷ ಕಾಯಬೇಕಾಯಿತು.

ಹಾಗಾದರೆ ಕಾನೂನು ಇಲ್ಲವೇ? ಇದೆ, ಮತ್ತು ಇಲ್ಲ. ದುಬೆ ಕೊಲೆಯ ನಂತರ ಸುಪ್ರೀಂ ಕೋರ್ಟಿನ ಒತ್ತಡಕ್ಕೆ ಕೇಂದ್ರ ಸರಕಾರ 2004ರ ಏಪ್ರಿಲ್‌ನಲ್ಲಿ ಒಂದು ಗೊತ್ತುವಳಿ ಹೊರಡಿಸಿತು. ಅದನ್ನು ಪಿಐಡಿಪಿಐ ಎಂದು ಕರೆಯುತ್ತಾರೆ. ಆಮೇಲೆ ಪೂರ್ಣ ಕಾಯ್ದೆಯೂ ಬಂತು. 2011ರ ಡಿಸೆಂಬರ್‌ನಲ್ಲಿ ಲೋಕಸಭೆ, 2014ರ ಫೆಬ್ರವರಿಯಲ್ಲಿ ರಾಜ್ಯಸಭೆ ಒಪ್ಪಿದವು. ಅದೇ ವರ್ಷ ಮೇ 9ರಂದು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಆದರೆ ಜಾರಿಗೆ ತರುವ ಅಧಿಸೂಚನೆ ಮಾತ್ರ ಬರಲಿಲ್ಲ. ತಿದ್ದುಪಡಿ ಬೇಕೆಂದು 2015ರಲ್ಲಿ ಇನ್ನೊಂದು ಮಸೂದೆ ತಂದರು, ಲೋಕಸಭೆ ದಾಟಿದ ಅದು ರಾಜ್ಯಸಭೆಯಲ್ಲಿ ಕೂತು 2019ರಲ್ಲಿ ಬಿದ್ದು ಹೋಯಿತು. ನಿಕಾಹ್ ಆಗಿದೆ, ಮದುಮಗಳು ಇನ್ನೂ ತವರಲ್ಲೇ ಎಂಬಂಥ ಸ್ಥಿತಿ.

ಆ ಕಾಯ್ದೆಯಲ್ಲಿ ಒಳ್ಳೆಯ ಅಂಶಗಳಿವೆ ಎಂಬುದೇ ಹೆಚ್ಚು ಬೇಸರದ ಸಂಗತಿ. ದೂರು ಕೊಟ್ಟವನಿಗೆ ಕಿರುಕುಳ ಆಯಿತೆಂದರೆ, ಅದು ಕಿರುಕುಳವಲ್ಲ ಎಂದು ಸಾಬೀತು ಮಾಡುವ ಹೊಣೆ ಇಲಾಖೆಯದ್ದೇ. ಹೆಸರು ಬಯಲು ಮಾಡಿದವನಿಗೆ 3 ವರ್ಷದವರೆಗೆ ಜೈಲು. ಹಾಗೆಯೇ, ಬೇಕೆಂದೇ ಸುಳ್ಳು ದೂರು ಕೊಟ್ಟವನಿಗೂ 2 ವರ್ಷದವರೆಗೆ ಶಿಕ್ಷೆ ಉಂಟು, ಅದೂ ಸರಿಯೇ. ಆದರೆ ಇದೆಲ್ಲ ಸರಕಾರಿ ನೌಕರರ ಭ್ರಷ್ಟಾಚಾರದ ವಿಷಯಕ್ಕೆ ಮಾತ್ರ. ಖಾಸಗಿ ಕಂಪನಿ, ಅಂಗಡಿ, ಖಾಸಗಿ ಶಾಲೆ ಇದರ ಒಳಗೆ ಬರುವುದೇ ಇಲ್ಲ.

ಖಾಸಗಿಗೆ ಎಂತ ಉಂಟು? 2013ರ ಕಂಪನಿ ಕಾಯ್ದೆಯ 177ನೇ ಸೆಕ್ಷನ್ ಪ್ರಕಾರ ಶೇರು ಮಾರುಕಟ್ಟೆಯಲ್ಲಿರುವ ಕಂಪನಿಗಳು, ಸಾರ್ವಜನಿಕರಿಂದ ಠೇವಣಿ ಪಡೆಯುವವು, ಬ್ಯಾಂಕುಗಳಿಂದ 50 ಕೋಟಿಗಿಂತ ಹೆಚ್ಚು ಸಾಲ ಪಡೆದವು ಒಂದು ದೂರು ವ್ಯವಸ್ಥೆ ಇಡಲೇಬೇಕು. ದೂರು ಕೊಟ್ಟವನನ್ನು ಬಲಿಪಶು ಮಾಡದಂತೆ ಅದರಲ್ಲೇ ರಕ್ಷಣೆಯೂ ಇರಬೇಕು. ಬೆಂಗಳೂರಿನ ಐಟಿ ಕಂಪನಿಯಲ್ಲಿರುವ ನಮ್ಮ ಮಕ್ಕಳಿಗೆ ಇದು ಅನ್ವಯಿಸುತ್ತದೆ. ಬಂದರಿನ ಮಂಡಿಯಲ್ಲಿ, ಬಟ್ಟೆ ಅಂಗಡಿಯಲ್ಲಿ, ಪಾಲುದಾರಿಕೆಯ ಮರದ ಮಿಲ್ಲಿನಲ್ಲಿ ದುಡಿಯುವವನಿಗೆ ಅಲ್ಲ. ನಮ್ಮವರು ಹೆಚ್ಚು ಇರುವುದು ಎಲ್ಲಿ ಎಂದು ಬೇರೆ ಹೇಳಬೇಕಾಗಿಲ್ಲ.

ಇದು ಬರೀ ಹಣದ ಲೆಕ್ಕದ ಮಾತಲ್ಲ, ಜೀವದ ಮಾತು. 2021ರ ಏಪ್ರಿಲ್‌ನಲ್ಲಿ ಮಂಗಳೂರು ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರಲ್ಲಿ ತ್ಯಾಜ್ಯದ ಟ್ಯಾಂಕ್‌ಗೆ ಇಳಿದ ಪಶ್ಚಿಮ ಬಂಗಾಳದ ಐವರು ಕಾರ್ಮಿಕರು ವಿಷಾನಿಲಕ್ಕೆ ಸಿಕ್ಕಿ ಸತ್ತರು. ಮನೆ ಬಿಟ್ಟು ಸಾವಿರಾರು ಮೈಲು ದೂರ ದುಡಿಯಲು ಹೋದವರ ಸಂಕಟ ನಮಗೆ ಗೊತ್ತಿಲ್ಲದ್ದಲ್ಲ. ಇಂಥ ಟ್ಯಾಂಕ್‌ಗಳಿಗೆ ಮಾಸ್ಕ್ ಇಲ್ಲದೆ, ಗ್ಯಾಸ್ ಪರೀಕ್ಷೆ ಮಾಡದೆ ಜನರನ್ನು ಇಳಿಸಬಾರದೆಂದು ಮೊದಲೇ ಹೇಳಬಲ್ಲವರು ಯಾವ ಕಾರ್ಖಾನೆಯಲ್ಲಾದರೂ ಒಳಗಿನವರೇ. ಒಳಗಿನವನಿಗೆ ಬಾಯಿ ಇಲ್ಲದಿದ್ದರೆ ಹೊರಗೆ ಗೊತ್ತಾಗುವುದು ಮಯ್ಯತ್ ಹೊರಟಾಗಲೇ.

ಇನ್ನು ಗಲ್ಫಿನ ಮಾತು. ಯುಎಇಯಲ್ಲಿ 2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಕಾರ್ಮಿಕ ಕಾನೂನಿನ 47ನೇ ವಿಧಿ ನಮ್ಮ ಹುಡುಗರು ತಿಳಿದಿರಬೇಕಾದದ್ದು. ಕೆಲಸಗಾರ ಸಚಿವಾಲಯಕ್ಕೆ ಗಂಭೀರ ದೂರು ಕೊಟ್ಟ, ಇಲ್ಲವೇ ಮಾಲೀಕನ ಮೇಲೆ ಕೇಸು ಹಾಕಿದ, ಅದು ನಿಜವೆಂದು ಸಾಬೀತಾಯಿತು. ಆ ಕಾರಣಕ್ಕೆ ಅವನನ್ನು ತೆಗೆದರೆ ಅದು ಕಾನೂನುಬಾಹಿರ ವಜಾ. 3 ತಿಂಗಳ ಸಂಬಳದವರೆಗೆ ಪರಿಹಾರ ಕೊಡಿಸಬಹುದು. ಪಾಸ್‌ಪೋರ್ಟ್ ಮಾಲೀಕ ಇಟ್ಟುಕೊಳ್ಳುವುದೂ ಅದೇ ಕಾನೂನಿನಲ್ಲಿ ನಿಷಿದ್ಧ. ಸೌದಿಯಲ್ಲೂ ದೂರುದಾರರ, ಸಾಕ್ಷಿಗಳ ರಕ್ಷಣೆಗೆ 2024ರಲ್ಲಿ ಪ್ರತ್ಯೇಕ ಕಾನೂನು ಬಂದಿದೆ. ಮೂರು ತಿಂಗಳ ಸಂಬಳ ದೊಡ್ಡದಲ್ಲ ನಿಜ, ವೀಸಾ ಹೋದರೆ ಊರಿನ ಮನೆ ಸಾಲ ಕಟ್ಟುವವರು ಯಾರು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಅಲ್ಲಿ ಒಂದು ದೊಡ್ಡ ಅಪಾಯವೂ ಉಂಟು. ನಮ್ಮ ಹುಡುಗರಿಗೆ ಸಿಟ್ಟು ಬಂದರೆ ಮೊದಲು ಕೈ ಹೋಗುವುದು ಮೊಬೈಲಿಗೆ. ವೀಡಿಯೊ ಮಾಡಿ, ಕಂಪನಿಯ ಹೆಸರು ಹಾಕಿ ವಾಟ್ಸ್ಯಾಪ್ ಗ್ರೂಪಿಗೆ ಬಿಡುವುದು. ಯುಎಇಯ ಸೈಬರ್ ಕಾನೂನಿನಲ್ಲಿ ಒಬ್ಬರ ಮಾನ ಹೋಗುವಂತೆ ಆನ್‌ಲೈನಿನಲ್ಲಿ ಬರೆಯುವುದು, ಒಪ್ಪಿಗೆ ಇಲ್ಲದೆ ಫೋಟೊ ಹಂಚುವುದು ಅಪರಾಧ. ಸತ್ಯ ಹೇಳಿದವನೇ ಆರೋಪಿಯಾಗುತ್ತಾನೆ. ದೂರು ಹೋಗಬೇಕಾದದ್ದು ಸಚಿವಾಲಯಕ್ಕೆ, ಗ್ರೂಪಿಗೆ ಅಲ್ಲ. ಭಾರತೀಯ ದೂತಾವಾಸ, ವಿದೇಶಾಂಗ ಇಲಾಖೆಯ 'ಮದದ್' ಪೋರ್ಟಲ್ ಇವೆ. ಊರಿನಿಂದ ಮನೆಯವರೂ ಅದರಲ್ಲಿ ದೂರು ದಾಖಲಿಸಬಹುದು.

ನಾವು ಬಲ್ಲ ಒಬ್ಬ ಹುಡುಗ, ಉಳ್ಳಾಲದ ಕಡೆಯವನು, ಗಲ್ಫಿನ ಒಂದು ಕಂಪನಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಇಲ್ಲದ ಮಾಲಿಗೆ ಬಿಲ್ಲು ಮಾಡಿ ಸಹಿ ಹಾಕು ಎಂದರು. ಹಾಕಲಿಲ್ಲ, ಮೇಲಿನವರಿಗೆ ತಿಳಿಸಿದ. ಕೆಲಸ ಹೋಯಿತು. ಅದಕ್ಕಿಂತ ಹೆಚ್ಚು ನೋವಾದದ್ದು ಊರಿಗೆ ಬಂದ ಮೇಲೆ. ಆ ಕೆಲಸ ಕೊಡಿಸಿದ್ದು ಹತ್ತಿರದ ಸಂಬಂಧಿ. 'ವೀಸಾ ಕೊಡಿಸಿದ ನನ್ನ ಮುಖಕ್ಕೆ ಮಸಿ ಬಳಿದ' ಎಂದು ಅವರು ಮದುವೆ ಮನೆಗಳಲ್ಲಿ ಹೇಳಿಕೊಂಡು ತಿರುಗಿದರು. ಅವನು ಸಹಿ ಹಾಕಿದ್ದರೆ, ನಾಳೆ ಲೆಕ್ಕ ಸಿಕ್ಕಿಬಿದ್ದಾಗ ಜೈಲಿಗೆ ಹೋಗುತ್ತಿದ್ದವನು ಯಾರು? ಸಹಿ ಯಾರದ್ದೋ ಅವನೇ. ಇದನ್ನು ಯಾರೂ ಕೇಳಲಿಲ್ಲ.

ನಮ್ಮಲ್ಲಿ ಕೆಲಸ ಸಿಗುವುದೇ ಸಂಬಂಧದಿಂದ, ಊರಿನಿಂದ, ಜಮಾಅತಿನಿಂದ. ಅದು ನಮ್ಮ ಬಲ, ಬೇಡವೆನ್ನುವುದಿಲ್ಲ. ಆದರೆ ಆ ಬಲವೇ ಬಾಯಿಗೆ ಬೀಗವಾಗುತ್ತದೆ. ಮಾಲೀಕರು ಮಸೀದಿಯ ಅಧ್ಯಕ್ಷರಾಗಿದ್ದರಂತೂ ಮುಗಿಯಿತು. ದೂರು ಹೇಳಿದವನನ್ನು ಕರೆದು 'ಇದನ್ನು ಇಲ್ಲಿಗೇ ಬಿಡು, ಸಮುದಾಯದ ಮರ್ಯಾದೆ' ಎಂದು ರಾಜಿ ಮಾಡಿಸುತ್ತಾರೆ. ಉಪ್ಪು ತಿಂದ ಮನೆಗೆ ದ್ರೋಹ, ಗೀಬತ್, ಫಿತ್ನ, ಏನೇನೋ ಹೆಸರು.

ಗೀಬತ್ ಎಂಬ ಮಾತನ್ನು ಇಲ್ಲಿ ಎಳೆದು ತರುವವರು ತಮ್ಮ ಊರಿನ ಉಸ್ತಾದರನ್ನು ಒಮ್ಮೆ ಕೇಳಲಿ. ನಾವು ಪಾಲಿಸುವ ಶಾಫಿಈ ಮದ್‌ಹಬಿನ ದೊಡ್ಡ ವಿದ್ವಾಂಸ ಇಮಾಂ ನವವಿ, ಪರರ ಬಗ್ಗೆ ಹಿಂದಿನಿಂದ ಮಾತಾಡುವುದು ಯಾವ ಯಾವ ಸಂದರ್ಭದಲ್ಲಿ ಅನುವದನೀಯ ಎಂದು ಆರು ಸಂದರ್ಭಗಳನ್ನು ಬಿಡಿಸಿ ಹೇಳಿದ್ದಾರೆ. ಅನ್ಯಾಯಕ್ಕೊಳಗಾದವನು ಅಧಿಕಾರಿಗೆ ದೂರುವುದು, ಕೆಡುಕನ್ನು ತಡೆಯಲು ಬಲವುಳ್ಳವರ ನೆರವು ಕೇಳುವುದು, ಜನರನ್ನು ಕೇಡಿನಿಂದ ಎಚ್ಚರಿಸುವುದು ಅದರಲ್ಲಿ ಸೇರಿವೆ. ಸಾಕ್ಷ್ಯ ಬಚ್ಚಿಡುವುದನ್ನು ಕುರ್‌ಆನ್ ಪಾಪವೆಂದೇ ಎಣಿಸಿದೆ. ನ್ಯಾಯದ ಸಾಕ್ಷಿ ಸ್ವಂತ ತಂದೆತಾಯಿಗೆ ವಿರುದ್ಧವಾದರೂ ನುಡಿಯಬೇಕೆಂದು ಸೂರಃ ನಿಸಾಅ್‌ನಲ್ಲಿದೆ. ಸಾಹುಕಾರರು ತಂದೆತಾಯಿಗಿಂತ ದೊಡ್ಡವರೇನಲ್ಲವಲ್ಲ. ಒಬ್ಬನ ಖಾಸಗಿ ಐಬನ್ನು ಮುಚ್ಚುವುದು ಬೇರೆ, ಕಲಬೆರಕೆ ಮಾಲು ಊರಿಗೆ ಹಂಚುವುದನ್ನು ಮುಚ್ಚುವುದು ಬೇರೆ.

ಈಗಿರುವ ದಾರಿಗಳನ್ನಾದರೂ ಸರಿಯಾಗಿ ಬಳಸಬೇಕು. ರಾಷ್ಟ್ರೀಕೃತ ಬ್ಯಾಂಕ್, ಕೇಂದ್ರ ಸರಕಾರದ ಕಚೇರಿ ಅಥವಾ ಉದ್ಯಮದಲ್ಲಿ ಇರುವವರು ಕೇಂದ್ರ ಜಾಗೃತ ಆಯೋಗಕ್ಕೆ ಪಿಐಡಿಪಿಐ ಅಡಿಯಲ್ಲಿ ಬರೆಯಬಹುದು. ಮುಚ್ಚಿದ ಲಕೋಟೆಯ ಮೇಲೆ ಪಿಐಡಿಪಿಐ ದೂರು ಎಂದು ಬರೆದು ಆಯೋಗದ ಕಾರ್ಯದರ್ಶಿಗೆ ಕಳಿಸಬೇಕು. ಲಕೋಟೆಯ ಮೇಲೆ ನಿಮ್ಮ ಹೆಸರು ಬೇಡ, ಒಳಗಿನ ಪತ್ರದಲ್ಲಿ ಹೆಸರು ವಿಳಾಸ ಬೇಕೇ ಬೇಕು. ಅನಾಮಧೇಯ ಅರ್ಜಿಯನ್ನು ಅವರು ತೆಗೆದುಕೊಳ್ಳುವುದಿಲ್ಲ. ರಾಜ್ಯ ಸರಕಾರದ ಇಲಾಖೆಯ ವಿಷಯವಾದರೆ ಲೋಕಾಯುಕ್ತ. ಅಲ್ಲಿ ನಮೂನೆಯ ಜತೆ ಅಫಿಡವಿಟ್ ಕೇಳುತ್ತಾರೆ. ಗಂಭೀರ ಅಪರಾಧದ ಸಾಕ್ಷಿಗೆ ಬೆದರಿಕೆ ಇದ್ದರೆ ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದ ಸಾಕ್ಷಿ ರಕ್ಷಣಾ ಯೋಜನೆ ಉಂಟು. ಹೆಂಗಸರಿಗೆ, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇರಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತ ವಕೀಲರನ್ನು ಕೊಡುತ್ತದೆ, 15100ಕ್ಕೆ ಫೋನ್ ಮಾಡಿದರೆ ದಾರಿ ತೋರಿಸುತ್ತಾರೆ. ಯಾವುದಕ್ಕೂ ಮೊದಲು, ಯಾವ ದಿನ ಎಂತ ಕಂಡಿರಿ, ಯಾರಿಗೆ ಹೇಳಿದಿರಿ ಎಂದು ದಿನಾಂಕ ಹಾಕಿ ಬರೆದಿಟ್ಟುಕೊಳ್ಳಿ. ವಕೀಲರನ್ನು ಕೇಳದೆ ಕಚೇರಿಯ ಫೈಲು ಎತ್ತಿಕೊಂಡು ಬರಬೇಡಿ, ಅದೇ ನಿಮ್ಮ ಮೇಲೆ ಕಳ್ಳತನದ ಕೇಸಾದೀತು.

ನಮ್ಮ ಬೇಡಿಕೆ ಸರಕಾರದಿಂದ ಒಂದೇ: 2014ರ ಕಾಯ್ದೆಯನ್ನು ಜಾರಿ ಮಾಡಿ, ಖಾಸಗಿ ವಲಯವನ್ನೂ ಅದರೊಳಗೆ ತನ್ನಿ. ಕರಾವಳಿಯ ಸಂಸದರು ಸದನದಲ್ಲಿ ಇದನ್ನು ಕೇಳಲಿ, ವೋಟಿಗೆ ಬಂದಾಗ ನಾವು ಅವರನ್ನು ಕೇಳೋಣ.

ನಮ್ಮದೇ ಸಮುದಾಯದ ಉದ್ಯಮಿಗಳೂ ಸರಕಾರಕ್ಕೆ ಕಾಯಬೇಕಾಗಿಲ್ಲ. ನೂರು ಜನ ದುಡಿಯುವ ಸಂಸ್ಥೆಯಲ್ಲಿ ಮ್ಯಾನೇಜರ್‌ನನ್ನು ದಾಟಿ ನೇರ ಮಾಲೀಕರಿಗೆ ದೂರು ತಲಪುವ ಒಂದು ದಾರಿ ಇಡಲು ಎಷ್ಟು ಖರ್ಚು? ಕಳ್ಳ ಮ್ಯಾನೇಜರ್‌ನಿಂದ ಆಗುವ ನಷ್ಟಕ್ಕಿಂತ ಕಡಿಮೆಯೇ.

ಜಮಾಅತ್‌ಗಳಿಗೆ ಒಂದು ಮಾತು. ಮದುವೆಗೆ, ಚಿಕಿತ್ಸೆಗೆ, ಮನೆ ಕಟ್ಟಲಿಕ್ಕೆ ನೆರವು ಕೊಡುವ ಪದ್ಧತಿ ನಮ್ಮಲ್ಲಿ ಚೆನ್ನಾಗಿಯೇ ಉಂಟು. ಸತ್ಯ ಹೇಳಿ ಕೆಲಸ ಕಳೆದುಕೊಂಡವನ ಮನೆಗೆ ಆರು ತಿಂಗಳ ರೇಷನ್, ಮಕ್ಕಳ ಫೀಸು ಕೊಡುವ ಒಂದು ನಿಧಿ ಎಲ್ಲೂ ಇದ್ದಂತಿಲ್ಲ. ಝಕಾತಿನ ಎಂಟು ಹಕ್ಕುದಾರರಲ್ಲಿ ಬಡವನೂ ಇದ್ದಾನೆ, ಸಾಲಗಾರನೂ ಇದ್ದಾನೆ; ಕೆಲಸ ಹೋಗಿ ಸಾಲಕ್ಕೆ ಬಿದ್ದವನು ಅದರಲ್ಲಿ ಬರುತ್ತಾನೋ ಎಂದು ಖಾಝಿಯವರಲ್ಲಿ ಕೇಳಿ ತಿಳಿಯಬಹುದು. ರಂಝಾನಿಗೆ ಮುಂಚೆ ಮಹಾಸಭೆ ಕರೆಯುವ ಜಮಾಅತ್‌ಗಳು ಅಜೆಂಡಾದಲ್ಲಿ ಇದೊಂದು ಸಾಲು ಸೇರಿಸಲಿ.