ದೊಡ್ಡದಾಗಿ ಕಾಣುವುದೂ ಚೆನ್ನಾಗಿ ಕಾಣುವುದೂ

ಬಸವನಗುಡಿಯಂಥ ಬಡಾವಣೆಯಲ್ಲಿ ಕುಳಿತು ಬಂದೂಕಿನ ಮಾತೆತ್ತುವುದೇ ಅಪಸ್ವರವೆಂದು ಕೆಲವರು ಭಾವಿಸಿಯಾರು. ಬೆಳಗ್ಗೆ ಗಾಂಧಿಬಜಾರಿನಲ್ಲಿ ಹೂವು ಕೊಂಡು, ಸಂಜೆ ಬ್ಯೂಗಲ್ ರಾಕಿನ ಬಂಡೆಯ ಮೇಲೆ ಗಾಳಿಗೆ ಕುಳಿತು, ಕಡಲೆಕಾಯಿ ಪರಿಷೆಯ ನೂಕುನುಗ್ಗಲನ್ನೇ ವರ್ಷದ ಮಹಾಸಾಹಸವೆಂದು ಎಣಿಸುವ ಜನ ನಾವು. ಆದರೂ ಈ ಭಾನುವಾರ ವಾಚಕರ ಮುಂದಿಡುತ್ತಿರುವ ವಿಷಯ, ರೈಫಲ್ಲಿನ ನೆತ್ತಿಯ ಮೇಲೆ ಕೂಡಿಸುವ ಪುಟ್ಟ ದುರ್ಬೀನು. ನಮ್ಮ ಹುಡುಗರು ‘ಸ್ಕೋಪು’ ಎಂದು ಕರೆಯುವ ವಸ್ತು. ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಹಲವು ವರ್ಷ ಎನ್.ಸಿ.ಸಿ. ಹುಡುಗರನ್ನು .22 ರೈಫಲ್ಲಿನ ಅಭ್ಯಾಸಕ್ಕೆ ಕರೆದೊಯ್ದವನಾದ್ದರಿಂದ ಈ ವಿಷಯದಲ್ಲಿ ಎರಡು ಮಾತನಾಡುವ ಅಧಿಕಾರ ನನಗುಂಟೆಂದು ನಂಬಿದ್ದೇನೆ.

ನಮ್ಮ ಬೀದಿಯ ಕೊನೆಯ ಮನೆಯ ಹುಡುಗನೊಬ್ಬ, ಬಿ.ಎಸ್‌ಸಿ. ಓದುತ್ತಿರುವವನು, ಕಳೆದ ತಿಂಗಳು ಒಂದು ಪಟ್ಟಿ ಹಿಡಿದು ಬಂದ. ಅವನ ಸೋದರಮಾವ ಒಂದು ಏರ್ ರೈಫಲ್ ಕೊಡಿಸಿದ್ದರು. ಕಡಿಮೆ ಶಕ್ತಿಯ .177 ಏರ್ ರೈಫಲ್ಲಿಗೆ ಪರವಾನಗಿ ಬೇಡವಾದ್ದರಿಂದ ಅದು ಆಟಿಕೆಯಷ್ಟೇ ಸರಾಗವಾಗಿ ಮನೆ ಹೊಕ್ಕಿತ್ತು.

“ಮೇಷ್ಟ್ರೇ, ನಾಲ್ಕು ಪಟ್ಟಿನದು ತೊಗೊಳ್ಳಲೋ, ಮೂರರಿಂದ ಒಂಬತ್ತರದೋ, ಆರರಿಂದ ಇಪ್ಪತ್ತನಾಲ್ಕರದೋ?”

“ಎಷ್ಟು ದೂರಕ್ಕಪ್ಪ ಹೊಡೆಯೋದು?”

“ನಮ್ಮ ತಾರಸಿ ಮೇಲೇ. ಹತ್ತು ಹನ್ನೆರಡು ಗಜ ಇರಬಹುದು.”

ಹತ್ತು ಗಜದ ಗುರಿಗೆ ಇಪ್ಪತ್ತನಾಲ್ಕು ಪಟ್ಟು! ಎದುರಿಗೆ ಕುಳಿತವರೊಡನೆ ಧ್ವನಿವರ್ಧಕ ಇಟ್ಟುಕೊಂಡು ಮಾತನಾಡಿದಂತೆ. ಆದರೆ ನಗುವಂತಿರಲಿಲ್ಲ. ಅಂಗಡಿಯವರು ಹೇಳುವುದೂ ಅದನ್ನೇ, ಹುಡುಗರು ನಂಬುವುದೂ ಅದನ್ನೇ: ಹೆಚ್ಚು ದೊಡ್ಡದಾಗಿ ತೋರಿಸುವುದೇ ಹೆಚ್ಚು ಒಳ್ಳೆಯದು. ನನ್ನ ಅಭಿಪ್ರಾಯ ಇದಕ್ಕೆ ನೇರ ವಿರುದ್ಧವಾದದ್ದು.

ದುರ್ಬೀನು ಗುರಿಯನ್ನು ಹಿಗ್ಗಿಸುವಾಗ ಕೈಯ ನಡುಕವನ್ನೂ ಅಷ್ಟೇ ಪ್ರಮಾಣದಲ್ಲಿ ಹಿಗ್ಗಿಸಿ ತೋರಿಸುತ್ತದೆ. ನಾಲ್ಕು ಪಟ್ಟಿನಲ್ಲಿ ಮೆಲ್ಲಗೆ ತೂಗುವ ಗೆರೆ ಇಪ್ಪತ್ತನಾಲ್ಕು ಪಟ್ಟಿನಲ್ಲಿ ಹುಚ್ಚೆದ್ದು ಕುಣಿಯುತ್ತದೆ. ಕೈ ಮೊದಲಿನಷ್ಟೇ ನಡುಗುತ್ತಿದ್ದರೂ ಮನಸ್ಸು ಹೆದರುತ್ತದೆ. ಹೆದರಿದ ಬೆರಳು ಕುದುರೆಯನ್ನು ಮೆಲ್ಲಗೆ ಒತ್ತುವ ಬದಲು, ಗೆರೆ ಗುರಿಯನ್ನು ದಾಟುವ ಕ್ಷಣಕ್ಕೆ ಕಾದು ಥಟ್ಟನೆ ಸೆಳೆಯುತ್ತದೆ. ಗುಂಡು ತಪ್ಪುವುದು ಅಲ್ಲಿ. ಬೆಂಚಿನ ಮೇಲೆ ರೈಫಲ್ಲನ್ನು ಊರಿ ಹೊಡೆಯುವವರಿಗೆ ದೊಡ್ಡ ಅಂಕೆಗಳು ಉಪಯುಕ್ತವೆಂಬುದು ನಿಜ. ನಿಂತು ಕೈಯಲ್ಲಿ ಹಿಡಿದು ಹೊಡೆಯುವ ಹೊಸಬನಿಗೆ ಅವು ಶತ್ರುಗಳೇ ಸರಿ.

ಬೆಳಕಿನ ಲೆಕ್ಕವೂ ಹೀಗೆಯೇ. ಸ್ಕೋಪಿನ ಮೇಲೆ 4×32 ಎಂದು ಬರೆದಿದ್ದರೆ ಹಿಗ್ಗಿಸುವ ಶಕ್ತಿ ನಾಲ್ಕು, ಮುಂದಿನ ಗಾಜಿನ ಅಡ್ಡಳತೆ 32 ಮಿಲಿಮೀಟರ್. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಬರುವ 8 ಮಿಲಿಮೀಟರ್, ಕಣ್ಣಿನೆಡೆಗೆ ಹೊರಬರುವ ಬೆಳಕಿನ ಕಂಬಿಯ ದಪ್ಪ. ತರುಣರ ಕಣ್ಣಿನ ಪಾಪೆ ಕತ್ತಲೆಯಲ್ಲಿ ಸುಮಾರು 7 ಮಿಲಿಮೀಟರಿನಷ್ಟು ಅರಳುತ್ತದೆ. ನನ್ನಂಥ ಮುದುಕರದು ಐದಕ್ಕೇ ಸುಸ್ತಾಗುತ್ತದೆ. ಅದೇ 40 ಮಿಲಿಮೀಟರಿನ ಗಾಜನ್ನು 24 ಪಟ್ಟಿಗೆ ಏರಿಸಿದರೆ ಕಣ್ಣಿಗೆ ಸಿಗುವ ಕಂಬಿ 2 ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಮುಸ್ಸಂಜೆಯಲ್ಲಿ ಅಂಥ ಸ್ಕೋಪು ಮಸುಕು ಕನ್ನಡಿ. ತಲೆ ಕೂದಲೆಳೆಯಷ್ಟು ಅತ್ತಿತ್ತ ಸರಿದರೂ ಚಿತ್ರವೇ ಮಾಯ.

ಇನ್ನೂ ಎರಡು ಸಂಗತಿಗಳನ್ನು ಕೊಳ್ಳುವವರು ಕೇಳಲೇಬೇಕು. ಮೊದಲನೆಯದು ಪ್ಯಾರಲ್ಯಾಕ್ಸ್: ಕಣ್ಣು ಸರಿದಂತೆ ಗೆರೆಯೂ ಗುರಿಯ ಮೇಲೆ ಸರಿದಂತೆ ತೋರುವ ದೋಷ. ದೊಡ್ಡ ರೈಫಲ್ಲಿನ ಸ್ಕೋಪುಗಳನ್ನು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತಾರೆ. ಹತ್ತು ಗಜದಲ್ಲಿ ಅವು ಮಸುಕಾಗಿ, ಸುಳ್ಳನ್ನೂ ಹೇಳುತ್ತವೆ. ಏರ್ ರೈಫಲ್ಲಿಗೆ ಹತ್ತಿರದ ದೂರಕ್ಕೂ ಹೊಂದಿಸಲು ಬರುವ ಗಾಜೇ ಆಗಬೇಕು. ಎರಡನೆಯದು ಒದೆತ. ಸ್ಪ್ರಿಂಗಿನ ಏರ್ ರೈಫಲ್ ಹಿಂದಕ್ಕೊಮ್ಮೆ, ಮುಂದಕ್ಕೊಮ್ಮೆ ಒದೆಯುತ್ತದೆ. ಹಿಂದಿನ ಒದೆತಕ್ಕಷ್ಟೇ ಕಟ್ಟಿದ ಬೆಲೆಬಾಳುವ ಸ್ಕೋಪು ಕೂಡ ಈ ಪುಟ್ಟ ಬಂದೂಕಿನ ಮೇಲೆ ಒಳಗಿನ ಗಾಜು ಸಡಿಲಗೊಂಡು ಕೆಡುವುದುಂಟು. ಈ ಎರಡನ್ನೂ ವಿಚಾರಿಸದೆ ಪಟ್ಟಿನ ಅಂಕೆಯೊಂದನ್ನೇ ನೋಡಿ ಕೊಳ್ಳುವುದು, ಜಾತಕದ ಮೊದಲ ಸಾಲು ಓದಿ ಮದುವೆ ನಿಶ್ಚಯಿಸಿದಂತೆ.

ಆದರೆ ಸ್ಕೋಪು ಬೇಕೇ ಎಂಬ ಪ್ರಶ್ನೆಯನ್ನೇ ನಾವು ಮರೆಯುತ್ತಿದ್ದೇವೆ. ಹುಡುಗನ ಕನಸು ಒಲಿಂಪಿಕ್ಸಿನದು. ಆ ಸ್ಪರ್ಧೆಯ ರೈಫಲ್ಲುಗಳ ಮೇಲೆ ದುರ್ಬೀನಿಗೆ ಎಡೆಯೇ ಇಲ್ಲ. ನಿಯಮವೇ ಅದನ್ನು ನಿಷೇಧಿಸುತ್ತದೆ. ಹಿಂದೆ ಒಂದು ಸಣ್ಣ ರಂಧ್ರ, ಮುಂದೆ ಒಂದು ಉಂಗುರ, ಅಷ್ಟೇ ಸಾಧನ. ಹತ್ತು ಮೀಟರ್ ದೂರದ ಗುರಿಹಲಗೆಯ ನಟ್ಟನಡುವಿನ ಹತ್ತರ ಚುಕ್ಕೆ ಅರ್ಧ ಮಿಲಿಮೀಟರಿನದು. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು, 2012ರಲ್ಲಿ ಲಂಡನ್ನಿನಲ್ಲಿ ಗಗನ್ ನಾರಂಗ್ ಕಂಚು ಗೆದ್ದದ್ದು ಈ ಚುಕ್ಕೆಯ ಮೇಲೆ, ಬರಿಯ ರಂಧ್ರದಲ್ಲಿ ಕಣ್ಣಿಟ್ಟು. 2024ರಲ್ಲಿ ಪ್ಯಾರಿಸ್ಸಿನಲ್ಲಿ ಸ್ವಪ್ನಿಲ್ ಕುಸಾಳೆಯವರು ಐವತ್ತು ಮೀಟರಿನಲ್ಲಿ ಕಂಚು ಪಡೆದದ್ದೂ ದುರ್ಬೀನಿಲ್ಲದೆಯೇ. ಸ್ಪರ್ಧೆಗೆ ಸಿದ್ಧನಾಗಬೇಕೆಂಬವನು ಸ್ಕೋಪಿಗೆ ಹಣ ಸುರಿಯುವುದು, ಈಜು ಕಲಿಯಬೇಕೆಂಬವನು ದೋಣಿ ಕೊಂಡಂತಾಗುತ್ತದೆ.

ಇನ್ನು ಬೇಟೆಯ ಮಾತು. ಇದೇ ಬೆಂಗಳೂರಿನಲ್ಲಿ ಬಾಳಿದ ಕೆನೆತ್ ಆಂಡರ್ಸನ್ ಅವರ (1910–1974) ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕಥೆಗಳು’ ಎಂದು ಕನ್ನಡಕ್ಕೆ ತಂದ ಮೇಲೆ, .405 ವಿಂಚೆಸ್ಟರ್ ಕೋವಿಯ ಹೆಸರು ನಮ್ಮ ಹುಡುಗರಿಗೆ ಕಂಠಪಾಠ. ಆದರೆ ಆ ಕಥೆಗಳನ್ನು ಮತ್ತೊಮ್ಮೆ ಓದಲಿ: ನರಭಕ್ಷಕಗಳ ಎದುರು ಅವರಿಗೆ ಒದಗಿದ್ದು ಕೋವಿಗೆ ಕಟ್ಟಿದ ಬ್ಯಾಟರಿ ದೀಪ, ಗಂಟೆಗಟ್ಟಲೆ ಕಾಯುವ ತಾಳ್ಮೆ. ಇಪ್ಪತ್ತು ಗಜದ ಚಿರತೆಯತ್ತ ಒಂಬತ್ತು ಪಟ್ಟಿನ ಸ್ಕೋಪು ಹಿಡಿದರೆ ಕಾಣುವ ಅಗಲ ಮೂರಡಿಗಿಂತ ಕಡಿಮೆ. ಚಿರತೆಯ ಬದಲು ಅದರ ಚರ್ಮವನ್ನಷ್ಟೇ ನೋಡಬಹುದು. ಅದೂ ಮುಗಿದ ಯುಗ. 1972ರ ವನ್ಯಜೀವಿ ಕಾಯಿದೆ ಬೇಟೆಯನ್ನು ಬಿಗಿಗೊಳಿಸಿತು. 1991ರ ತಿದ್ದುಪಡಿ ಪರವಾನಗಿಯ ಬೇಟೆಗೂ ಬಾಗಿಲು ಮುಚ್ಚಿತು. ತಾರಸಿಗೆ ಬರುವ ಗಿಣಿಯೂ ಆ ಕಾಯಿದೆಯ ರಕ್ಷಣೆಯಲ್ಲಿದೆ.

ಕೋವಿಯನ್ನು ಕುಲದ ಗೌರವವಾಗಿ ಉಳಿಸಿಕೊಂಡ ಕೊಡಗಿನ ಕಡೆಗೂ ನೋಡೋಣ. 1861ರಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯ ವಿನಾಯಿತಿ ಉಂಟು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ತೋಕ್‌ಪೂ ಮುಡಿಸಿ ಪೂಜಿಸಿ, ಬಳಿಕ ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವುದು ಅಲ್ಲಿನ ಸಂಪ್ರದಾಯ. ಆ ಪೂಜೆಯ ಅರ್ಥ ಇಷ್ಟೆಂದು ನನ್ನ ಭಾವನೆ: ಕೋವಿಯನ್ನು ಎತ್ತುವ ಮುನ್ನ ಮನುಷ್ಯ ಒಂದು ಕ್ಷಣ ತಲೆಬಾಗಬೇಕು.

ನಮ್ಮ ಹುಡುಗನಿಗೆ ಇಲ್ಲದಿದ್ದುದು ಆ ಒಂದು ಕ್ಷಣ. ಮುಂದಿನ ಭಾನುವಾರ ಅವನು ಗೆಳೆಯನಿಂದ ಕಡ ತಂದ ಸ್ಕೋಪನ್ನು ರೈಫಲ್ಲಿಗೆ ಬಿಗಿದುಕೊಂಡು ನನ್ನ ತಾರಸಿಗೆ ಬಂದ. ಬುಡವನ್ನು ಭುಜಕ್ಕೇರಿಸಿ ಸುತ್ತಲೂ ನೋಡತೊಡಗಿದ. ಮಾವಿನಮರ, ನೀರಿನ ತೊಟ್ಟಿ, ಆಚೆ ಬೀದಿಯ ಮನೆ.

“ಅಬ್ಬ, ಎಷ್ಟು ಸ್ಪಷ್ಟ ಮೇಷ್ಟ್ರೇ! ಆ ಅಜ್ಜಿ ಹಪ್ಪಳ ಒಣಗಿಸ್ತಿದ್ದಾರೆ ನೋಡಿ, ಬಳೆ ಕೂಡ ಎಣಿಸಬಹುದು!”

ನಾನು ನಳಿಗೆಯನ್ನು ಹಿಡಿದು ನೆಲಕ್ಕೆ ಒತ್ತಿದೆ. “ಖಾಲಿ ಇದೆ ಮೇಷ್ಟ್ರೇ” ಎಂದ. ಖಾಲಿ ಇದ್ದಿರಬಹುದು. ಆದರೆ ಅವನು ಬಳೆ ಎಣಿಸುತ್ತಿದ್ದಷ್ಟು ಹೊತ್ತೂ ಬಂದೂಕು ಆ ವೃದ್ಧೆಯ ಎದೆಗೆ ನೆಟ್ಟಿತ್ತು, ಮತ್ತು ಅದು ಅವನಿಗೆ ತಿಳಿದೇ ಇರಲಿಲ್ಲ. ಆಕೆ ನಮ್ಮ ಕಡೆ ನೋಡಿ, ನಮ್ಮನ್ನು ಗುರುತಿಸಿ, ಕೈಬೀಸಿದರು.

ಬಂದೂಕಿಗೆ ಕೂಡಿಸಿದ ಕಣ್ಣಿನ ದೋಷ ಇದೇ. ಅದರಿಂದ ನೋಡುವುದೆಂದರೆ ನೋಡಿದ ವಸ್ತುವಿಗೆಲ್ಲ ಗುರಿಯಿಡುವುದೆಂದೇ ಅರ್ಥ. ಹುಡುಕುವುದಕ್ಕೆ, ಗುರುತಿಸುವುದಕ್ಕೆ, ಸುಮ್ಮನೆ ನೋಡಿ ಸಂತೋಷಪಡುವುದಕ್ಕೆ ಕೈದುರ್ಬೀನು ಬೇರೆ ಇರಬೇಕು; ಏನೆಂದು ನಿಶ್ಚಯವಾದ ಮೇಲಷ್ಟೇ ಸ್ಕೋಪಿಗೆ ಕಣ್ಣು. ದಶರಥನ ಗುರಿಯಲ್ಲಿ ಕೊರತೆಯಿರಲಿಲ್ಲ. ಕೊಡ ತುಂಬುವ ಸದ್ದನ್ನು ಆನೆ ನೀರು ಕುಡಿಯುವ ಸದ್ದೆಂದು ಬಗೆದು ಬಿಟ್ಟ ಬಾಣ ಎಳ್ಳಷ್ಟೂ ತಪ್ಪಲಿಲ್ಲ. ತಪ್ಪದಿದ್ದುದೇ ಅನರ್ಥವಾಯಿತು.

ಆದಕಾರಣ ತಂದೆತಾಯಿಗಳಿಗೂ ಅಧ್ಯಾಪಕರಿಗೂ ನನ್ನ ಸಲಹೆ ಇದು. ಹುಡುಗನಿಗೆ ಗುರಿಯ ಹುಚ್ಚು ಹತ್ತಿದ್ದರೆ ಅದನ್ನು ಹಳಿಯಬೇಡಿ. ಉಸಿರನ್ನೂ ಬೆರಳನ್ನೂ ಹತೋಟಿಯಲ್ಲಿಡುವ ವಿದ್ಯೆ ಓದಿಗೂ ಒಳ್ಳೆಯದು. ಆದರೆ ತಾರಸಿಯ ಬದಲು ರೈಫಲ್ ಸಂಘದ ರೇಂಜಿಗೆ ಕಳುಹಿಸಿ. ಮೊದಲ ವರ್ಷ ಬರಿಯ ಗುರಿಮೊನೆಯಲ್ಲೇ ಕಲಿಯಲಿ. ದುರ್ಬೀನಿನ ಆಸೆಯಿದ್ದರೆ 8×40ರ ಕೈದುರ್ಬೀನೊಂದನ್ನು ಕೊಡಿಸಿ, ಲಾಲ್‌ಬಾಗಿನ ಕೆರೆಯ ಹಕ್ಕಿಗಳನ್ನು ತೋರಿಸಿ. ಆ ಮೇಲೂ ಸ್ಕೋಪು ಬೇಕೆಂದರೆ ನಾಲ್ಕು ಪಟ್ಟಿನದು ಸಾಕು. ಅಂಕೆಯಲ್ಲಿ ಉಳಿಸಿದ ಹಣವನ್ನು ಗಾಜಿನ ಗುಣಕ್ಕೂ ಗಟ್ಟಿ ಹಿಡಿಕೆಗೂ ಹಾಕಲಿ.

ಹುಡುಗ ಸ್ಕೋಪನ್ನು ಗೆಳೆಯನಿಗೆ ಹಿಂದಿರುಗಿಸಿದ್ದಾನೆ. ನನ್ನ ಹಳೆಯ ಕೈದುರ್ಬೀನು ಈಗ ಅವನ ಬಳಿ ಇದೆ. ಆ ಅಜ್ಜಿ ಮೊನ್ನೆ ಅವನ ಕೈಯಲ್ಲೇ ನಮ್ಮ ಮನೆಗೆ ಒಂದು ಕಟ್ಟು ಹಪ್ಪಳ ಕೊಟ್ಟು ಕಳುಹಿಸಿದ್ದರು. ನಡೆದದ್ದನ್ನು ಅವರಿಗೆ ಹೇಳುವ ಧೈರ್ಯ ನಮ್ಮಿಬ್ಬರಿಗೂ ಇನ್ನೂ ಬಂದಿಲ್ಲ.