ಮೂಡಿಗೆರೆ ಪೂರ್ವಕ್ಕೆ ಹೋದದ್ದು ಯಾವಾಗ?

ರಾಷ್ಟ್ರೀಯ ಮಾದರಿ ಸಮೀಕ್ಷೆಯ ಲೆಕ್ಕದಲ್ಲಿ ಮೂಡಿಗೆರೆ ಎಲ್ಲಿದೆ ಗೊತ್ತೆ? 'ಒಳನಾಡು ಪೂರ್ವ'ದಲ್ಲಿ. ಈ ಸಮೀಕ್ಷೆ ಕರ್ನಾಟಕವನ್ನು ನಾಲ್ಕು ವಲಯಗಳಾಗಿ ಹಂಚಿದೆ: ಕರಾವಳಿ ಮತ್ತು ಘಟ್ಟ, ಒಳನಾಡು ಪೂರ್ವ, ಒಳನಾಡು ದಕ್ಷಿಣ, ಒಳನಾಡು ಉತ್ತರ. ಘಟ್ಟದ ಹೆಸರು ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡಕ್ಕೆ ಸಿಕ್ಕಿತು. ಘಟ್ಟದ ಮೇಲೆಯೇ ಕೂತಿರುವ ಶಿವಮೊಗ್ಗ, ಚಿಕ್ಕಮಗಳೂರು, ಹಾಸನ, ಕೊಡಗು 'ಪೂರ್ವ'ವಾದವು. ಯಾವುದಕ್ಕೆ ಪೂರ್ವ? ಬಹುಶಃ ಮಂಗಳೂರಿಗೆ. ಕೋಲಾರದವರ ಕಿವಿಗೆ ಬಿದ್ದರೆ ನಕ್ಕಾರು.

ಹೆಸರಿನ ಮಾತು ಬಿಡಿ, ನನ್ನ ಜಗಳ ಅದರ ಜೊತೆಗಲ್ಲ. ಆ ಹೆಸರಿನಡಿ ಯಾರನ್ನು ಯಾರ ಜೊತೆ ಕೂರಿಸಿದ್ದಾರೆ ಎನ್ನುವುದರ ಜೊತೆಗೆ. ಅರಸೀಕೆರೆಯ ತೆಂಗಿನ ತೋಟವೂ ಕಡೂರಿನ ರಾಗಿ ಹೊಲವೂ ಕಳಸದ ಕಾಫಿ-ಅಡಿಕೆಯೂ ಒಂದೇ ವಲಯ. ಅಷ್ಟಾದರೂ ಸಿಕ್ಕೀತೆಂದು ವರದಿ ತೆರೆದರೆ ಅದೂ ಇಲ್ಲ. ಪ್ರಕಟಿತ ಕೋಷ್ಟಕಗಳು ರಾಜ್ಯದ ಮಟ್ಟಕ್ಕೇ ನಿಲ್ಲುತ್ತವೆ. 2023-24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ಗ್ರಾಮೀಣ ಕರ್ನಾಟಕದಲ್ಲಿ ಒಬ್ಬರ ತಿಂಗಳ ಸರಾಸರಿ ಖರ್ಚು 4,903 ರೂಪಾಯಿ, ನಗರದಲ್ಲಿ 8,076. ಮುಂದೆ ಕೇಳಬೇಡಿ.

ಈ 'ಗ್ರಾಮೀಣ' ಎಂಬ ಪದ ಕಾಫಿ ಸೀಮೆಯಲ್ಲಿ ಎಷ್ಟು ಸುಳ್ಳು ಹೇಳುತ್ತದೆ ನೋಡಿ. ನೂರಾರು ಎಕರೆ ತೋಟದ ಬಂಗಲೆಯಲ್ಲಿರುವ ಸಾಹುಕಾರರು ಗ್ರಾಮೀಣ. ಅದೇ ತೋಟದ ಲೈನ್ ಮನೆಯಲ್ಲಿರುವ ಕುಟುಂಬವೂ ಗ್ರಾಮೀಣ. 2025ರ ಆರಂಭದಲ್ಲಿ 50 ಕೆ.ಜಿ. ಅರೇಬಿಕಾ ಪಾರ್ಚ್‌ಮೆಂಟ್ ಮೂಟೆಯ ಬೆಲೆ 20,000 ರೂಪಾಯಿ ದಾಟಿದಾಗ ಪತ್ರಿಕೆಗಳಿಗೆ ಮಲೆನಾಡೆಲ್ಲ ಶ್ರೀಮಂತವಾದಂತೆ ಕಂಡಿತು. ಆ ದುಡ್ಡು ಲೈನ್ ಮನೆಯ ಒಲೆಯವರೆಗೆ ಹೋಯಿತೇ? ಹೋಗಿದ್ದರೆ ಅದು ಮೀನಿನಲ್ಲಿ ಕಾಣಬೇಕು, ಮಕ್ಕಳ ಫೀಸಿನಲ್ಲಿ ಕಾಣಬೇಕು, ಮಂಗಳೂರಿನ ಆಸ್ಪತ್ರೆಯ ಬಿಲ್ಲಿನಲ್ಲಿ ಕಾಣಬೇಕು. ಅದನ್ನೇ ಕೇಳುವ ಸಮೀಕ್ಷೆ ಇದು. ಕೇಳಿಯೂ, ಇಲ್ಲಿಯ ಉತ್ತರವನ್ನು ಬೆಂಗಳೂರು ಸುತ್ತಲಿನ ಹಳ್ಳಿಗಳ ಉತ್ತರದೊಂದಿಗೆ ಕಲಸಿ ಕೈಗೆ ಕೊಡುತ್ತದೆ.

ಸಂಖ್ಯಾಶಾಸ್ತ್ರದವರ ಸಮಜಾಯಿಷಿ ನನಗೂ ಗೊತ್ತು: ಮಾದರಿ ಚಿಕ್ಕದು. ನಿಜವೇ. 2022-23ರಲ್ಲಿ ಇಡೀ ದೇಶದಲ್ಲಿ ಹೋದದ್ದು 8,723 ಹಳ್ಳಿಗಳಿಗೆ. ಏಳುನೂರಕ್ಕೂ ಹೆಚ್ಚು ಜಿಲ್ಲೆಗಳಿಗೆ ಸಮನಾಗಿ ಹಂಚಿದರೆ ಜಿಲ್ಲೆಗೆ ಹದಿಮೂರು ಹಳ್ಳಿಯೂ ಬರುವುದಿಲ್ಲ; ಒಂದೊಂದರಲ್ಲಿ ಹದಿನೆಂಟು ಮನೆ. ಒಂಬತ್ತು ತಾಲ್ಲೂಕುಗಳ ಚಿಕ್ಕಮಗಳೂರಿನಲ್ಲಿ ತಾಲ್ಲೂಕಿಗೆ ಒಂದೋ ಎರಡೋ ಊರು. ಜೊತೆಗೆ ಇನ್ನೊಂದು ತೊಡಕಿದೆ, ಅದನ್ನು ಯಾರೂ ಹೇಳುವುದಿಲ್ಲ. ಆಯ್ಕೆಯಾದ ಮನೆಗೆ ಮೂರು ತಿಂಗಳ ಅವಧಿಯೊಳಗೆ ಮೂರು ಸಲ ಹೋಗುತ್ತಾರೆ, ಅಷ್ಟೇ. ಹಣ್ಣು ಕುಯ್ಯುವ ಡಿಸೆಂಬರ್-ಜನವರಿಯಲ್ಲಿ ಹೋದರೆ ಕೈಯಲ್ಲಿ ಕಾಸಿರುವ ಮನೆ ಸಿಗುತ್ತದೆ. ಜುಲೈ ಮಳೆಯಲ್ಲಿ ಹೋದರೆ ಅದೇ ಮನೆ ಅಂಗಡಿಯ ಸಾಲದ ಪುಸ್ತಕದಲ್ಲಿ ಬದುಕುತ್ತಿರುತ್ತದೆ. ರಾಜ್ಯದ ಸರಾಸರಿಯಲ್ಲಿ ಇದು ಸರಿತೂಗೀತು. ಒಂದೆರಡು ಊರು ಮಾತ್ರ ಸಿಕ್ಕ ತಾಲ್ಲೂಕಿನಲ್ಲಿ ತೂಗುವುದಿಲ್ಲ.

ಆದರೆ ಮಾದರಿ ಚಿಕ್ಕದಾಗಿರುವುದು ಮಳೆ ಬಂದಂತೆ ತಾನಾಗಿ ಆದದ್ದಲ್ಲ. ಯಾರೋ ಕೂತು ತೀರ್ಮಾನಿಸಿದ್ದು. ಇದೇ ಕರ್ನಾಟಕದಲ್ಲಿ 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ 35 ಸೂಚಕಗಳನ್ನು ಹಿಡಿದು 175 ತಾಲ್ಲೂಕುಗಳನ್ನೂ ಬಿಡಿಬಿಡಿಯಾಗಿ ಅಳೆಯಿತು. 114 ಹಿಂದುಳಿದಿವೆ ಎಂದಿತು. ಜಿಲ್ಲೆಯ ಸರಾಸರಿಯೊಳಗೆ ತಾಲ್ಲೂಕು ಅಡಗಿಹೋಗುತ್ತದೆ ಎಂಬ ತಿಳಿವಳಿಕೆ ನಮ್ಮಲ್ಲಿ ಆಗಲೇ ಇತ್ತು. 2025ರ ಜನವರಿಯಿಂದ ಕಾರ್ಮಿಕ ಬಲ ಸಮೀಕ್ಷೆಯಲ್ಲಿ ಬಹುತೇಕ ಕಡೆ ಜಿಲ್ಲೆಯೇ ಮಾದರಿ ಆಯ್ಕೆಯ ಮೂಲ ಘಟಕವಾಗಿದೆ, ಸ್ವಾಗತ. ಖರ್ಚಿನ ಸಮೀಕ್ಷೆಯೂ ಆ ದಾರಿ ಹಿಡಿದು ನಾಳೆ 'ಗ್ರಾಮೀಣ ಚಿಕ್ಕಮಗಳೂರು' ಎಂದು ಒಂದು ಅಂಕಿ ಕೊಟ್ಟರೆ, ಅದರಲ್ಲಿ ಕಡೂರಿನ ಬರ ಎಷ್ಟು, ಕಳಸದ ಮಳೆ ಎಷ್ಟು?

ಕನ್ನಡ ವಿಭಾಗದ ಗೆಳೆಯರ ವಾದವೇ ಬೇರೆ. ಅಂಕಿ-ಅಂಶ ಯಾಕೆ, ಮೂಡಿಗೆರೆಯನ್ನು ತಿಳಿಯಲು ತೇಜಸ್ವಿ ಸಾಕಲ್ಲ ಎನ್ನುತ್ತಾರೆ. ಈ ಮಾತು ಕೇಳಿದಾಗ ನನಗೆ ಅಧಿಕಾರಿಗಳ ಮೇಲಿಗಿಂತ ಇವರ ಮೇಲೆಯೇ ಹೆಚ್ಚು ಸಿಟ್ಟು ಬರುತ್ತದೆ. 'ಕರ್ವಾಲೊ' ಓದಿದವರಿಗೆ ಈ ಸೀಮೆಯ ಕಾಡೂ ಜನರೂ ಕಣ್ಣಿಗೆ ಕಟ್ಟುತ್ತಾರೆ, ಒಪ್ಪಿದೆ. ಆದರೆ ಕನಿಷ್ಠ ಕೂಲಿ ನಿಗದಿ ಮಾಡುವ ಸಭೆಯಲ್ಲಿ ಯಾರೂ ಕಾದಂಬರಿ ತೆರೆಯುವುದಿಲ್ಲ. 2013ರ ಆಹಾರ ಭದ್ರತಾ ಕಾಯ್ದೆಯಡಿ ಯಾವ ರಾಜ್ಯದಲ್ಲಿ ಎಷ್ಟು ಜನರಿಗೆ ಪಡಿತರ ಎಂಬುದು ನಿಂತದ್ದು 2011-12ರ ಇದೇ ಖರ್ಚಿನ ಸಮೀಕ್ಷೆಯ ಮೇಲೆ. ಅಂಕಿಯನ್ನು ನಾವು ಬಿಟ್ಟರೂ ಅಂಕಿ ನಮ್ಮನ್ನು ಬಿಡುವುದಿಲ್ಲ. ಲೈನ್ ಮನೆಯ ಬದುಕನ್ನು ಕಥೆಗೆ ಒಪ್ಪಿಸಿ ಲೆಕ್ಕದಿಂದ ಕೈಬಿಡುವುದು ಸಾಹಿತ್ಯಪ್ರೇಮ ಅಲ್ಲ, ಸೋಮಾರಿತನ.

ಈ ಮಾಹಿತಿಗಾಗಿ ಹೊಸ ಸಂಸ್ಥೆಯನ್ನೇನೂ ಕಟ್ಟಬೇಕಿಲ್ಲ. ಎರಡು ವರ್ಷಗಳ ಸಮೀಕ್ಷೆ ಬೆನ್ನುಬೆನ್ನಿಗೆ ನಡೆದಿದೆ. ಎರಡನ್ನೂ ಕೂಡಿಸಿ, ತಪ್ಪಿನ ಅಂದಾಜನ್ನು ಪಕ್ಕದಲ್ಲೇ ಬರೆದು, ನಾಲ್ಕು ವಲಯಗಳ ಕೋಷ್ಟಕವನ್ನಾದರೂ ಅಧಿಕೃತವಾಗಿ ಪ್ರಕಟಿಸಬಹುದು. ಕೇಂದ್ರದ ಮಾದರಿಯ ಜೊತೆಗೆ ರಾಜ್ಯಗಳೂ ತಮ್ಮದೊಂದು ಮಾದರಿ ಸಮೀಕ್ಷೆ ನಡೆಸುವ ಪದ್ಧತಿ ಹಳೆಯದು. ನಮ್ಮ ಅರ್ಥಶಾಸ್ತ್ರ ಮತ್ತು ಸಾಂಖ್ಯಿಕ ನಿರ್ದೇಶನಾಲಯ ಮಲೆನಾಡಿನ ತಾಲ್ಲೂಕುಗಳಲ್ಲಿ ಆ ಮಾದರಿಯನ್ನು ಹಿಗ್ಗಿಸಲಿ. ಕಾಫಿ ತಾಲ್ಲೂಕುಗಳನ್ನು, ಅವು ಯಾವ ಜಿಲ್ಲೆಯಲ್ಲೇ ಇರಲಿ, ಒಂದು ಗುಂಪು ಮಾಡಲಿ: ಮೂಡಿಗೆರೆ, ಕಳಸ, ಕೊಪ್ಪ, ಸಕಲೇಶಪುರ, ಸೋಮವಾರಪೇಟೆ. ಗುಂಪಿನ ಒಂದಷ್ಟು ಊರುಗಳಿಗೆ ಕುಯ್ಲಿನಲ್ಲಿ ಒಮ್ಮೆ, ಮಳೆಗಾಲದಲ್ಲಿ ಇನ್ನೊಮ್ಮೆ ಹೋಗಲಿ. ಮನೆಗಳ ಪಟ್ಟಿ ಮಾಡುವಾಗ ತೋಟದ ಗೇಟಿನಲ್ಲಿ ರೈಟರು ಕೊಡುವ ಹೆಸರುಗಳನ್ನಷ್ಟೇ ಬರೆದುಕೊಂಡು ಹಿಂದಿರುಗದೆ, ಲೈನಿನ ಕೊನೆಯ ಮನೆಯವರೆಗೂ ನಡೆಯಲಿ.