ಮಕ್ಕಳ ಪಾಲಿಗೆ ಕತೆಯೊಂದೇ ಸಾಕೆ?

ವರ್ಷದ ಕೊನೆಗೆ ಮೆಚ್ಚಿನ ಪುಸ್ತಕಗಳನ್ನು ಹೆಸರಿಸುವುದು ಪತ್ರಿಕೆಗಳ ವಾಡಿಕೆ. ಈ ಸಲ ನಾವು ಕತೆ-ಕವಿತೆಗಳನ್ನು ಬದಿಗಿರಿಸಿ, ನಿಜಸಂಗತಿಯನ್ನೂ ವಿಚಾರವನ್ನೂ ತಿಳಿಸುವ ಗ್ರಂಥಗಳ ಎರಡು ಪಟ್ಟಿಗಳನ್ನು ಮಾಡಿದೆವು: ಹಿರಿಯರಿಗೊಂದು, ಮಕ್ಕಳಿಗೊಂದು. ಹಿರಿಯರ ಪಟ್ಟಿ ಈಚಿನ ಪುಸ್ತಕಗಳಿಂದಲೇ ತುಂಬಿತು. ಮಕ್ಕಳ ಪಟ್ಟಿಗಾಗಿ ಅರ್ಧ ಶತಮಾನ ಹಿಂದಕ್ಕೆ ಹೋಗಬೇಕಾಯಿತು. ಈ ಅಂತರವೇ ನಮ್ಮ ತಕರಾರು.

ಕೇಂದ್ರ ಸಾಹಿತ್ಯ ಅಕಾದೆಮಿಯ ಕನ್ನಡ ಪ್ರಶಸ್ತಿಗಳನ್ನೇ ನೋಡಿರಿ. 2021ರಲ್ಲಿ ಡಿ. ಎಸ್. ನಾಗಭೂಷಣರ 'ಗಾಂಧಿ ಕಥನ', 2022ರಲ್ಲಿ ಮೂಡ್ನಾಕೂಡು ಚಿನ್ನಸ್ವಾಮಿಯವರ 'ಬಹುತ್ವದ ಭಾರತ ಮತ್ತು ಬೌದ್ಧ ತಾತ್ವಿಕತೆ', 2023ರಲ್ಲಿ ಲಕ್ಷ್ಮೀಶ ತೋಳ್ಪಾಡಿಯವರ 'ಮಹಾಭಾರತ ಅನುಸಂಧಾನದ ಭಾರತಯಾತ್ರೆ', 2024ರಲ್ಲಿ ಕೆ. ವಿ. ನಾರಾಯಣರ 'ನುಡಿಗಳ ಅಳಿವು'. ಚರಿತ್ರೆ, ಪ್ರಬಂಧ, ವಿಮರ್ಶೆ: ನಾಲ್ಕೂ ವಿಚಾರಗ್ರಂಥಗಳೇ. ಅದೇ ನಾಲ್ಕು ವರ್ಷಗಳ ಬಾಲಸಾಹಿತ್ಯ ಪುರಸ್ಕಾರವಾದರೋ ಕತೆ-ಕಾದಂಬರಿಗಳಿಗೇ ಸಂದಿದೆ. ಆ ಲೇಖಕರ ಬಗೆಗೆ ನಮಗೆ ಆದರವೇ ಇದೆ. ಆದರೆ ಹಿರಿಯರಿಗೆ ವಿಚಾರ, ಕಿರಿಯರಿಗೆ ಕಲ್ಪನೆ ಎಂಬ ಈ ಪಾಲುಪಟ್ಟಿಯನ್ನು ಯಾರು ಬರೆದರು?

ಮಗುವಿನ ಮನಸ್ಸು ಕತೆಗಷ್ಟೇ ಅರಳುವುದೆಂದು ಕೆಲವರ ವಾದ. ಕನ್ನಡದ ಹಿರಿಯರು ಹಾಗೆ ನಂಬಿರಲಿಲ್ಲ. ಶಿವರಾಮ ಕಾರಂತರು 1930ರ ದಶಕದಲ್ಲಿಯೇ ಮಕ್ಕಳಿಗಾಗಿ 'ಬಾಲ ಪ್ರಪಂಚ'ದ ಮೂರು ಸಂಪುಟಗಳನ್ನು ಒಬ್ಬರೇ ಬರೆದರು. ನಿರಂಜನರ ಸಂಪಾದಕತ್ವದಲ್ಲಿ 1970ರ ದಶಕದಲ್ಲಿ 'ಜ್ಞಾನ ಗಂಗೋತ್ರಿ'ಯ ಏಳು ಸಂಪುಟಗಳು ಕಿರಿಯರ ಕೈಸೇರಿದವು. ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದ ಬಿ. ಜಿ. ಎಲ್. ಸ್ವಾಮಿಯವರು ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವವನ್ನು 'ಹಸುರು ಹೊನ್ನು' ಎಂದು ಬರೆದು, ಚಿತ್ರಗಳನ್ನೂ ತಾವೇ ರಚಿಸಿ, 1978ರಲ್ಲಿ ಅಕಾದೆಮಿಯ ಪ್ರಶಸ್ತಿ ಪಡೆದರು. ಅಷ್ಟೇಕೆ, ಇಂದು ಉಪಲಬ್ಧವಿರುವ ಕನ್ನಡದ ಮೊದಲ ಗ್ರಂಥವಾದ, 9ನೆಯ ಶತಮಾನದ 'ಕವಿರಾಜಮಾರ್ಗ'ವು ಕತೆಯಲ್ಲ, ಶಾಸ್ತ್ರ. ಗೋದಾವರಿಯವರೆಗೂ ಕನ್ನಡ ನಾಡೆಂದು ಸಾರಿ, ಮುರುಮ, ಉಮರ್ಗಾ, ನಿಲಂಗಾ, ಉದಗೀರಗಳ ಈ ನೆಲವನ್ನು ತನ್ನ ಎಲ್ಲೆಯೊಳಗೆ ತಂದುಕೊಂಡ ಗ್ರಂಥವೂ ಅದೇ.

ಈ ನೆಲದ ಮಗುವಿಗೆ ವಿಷಯದ ಪುಸ್ತಕವೇಕೆ ಬೇಕೆಂಬುದನ್ನು ಕಿಲ್ಲಾರಿ ಹೇಳುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಹೊಡೆಯುವ ಮೊದಲೇ, ಲಾತೂರ ಮತ್ತು ಅಂದಿನ ಉಸ್ಮಾನಾಬಾದ ಜಿಲ್ಲೆಗಳ ಊರುಗಳು ನೆಲಕ್ಕುರುಳಿದವು. ಸುಮಾರು 10,000 ಜನ ಸತ್ತರು. ದಖ್ಖನ್ನಿನ ನೆಲ ಗಟ್ಟಿಯೆಂದೇ ಎಲ್ಲರ ನಂಬಿಕೆಯಾಗಿತ್ತು. ಮಲಗಿದ್ದವರ ಮೇಲೆ ಬಿದ್ದು ಕೊಂದವು ಅವರದೇ ಮನೆಗಳು: ಕೆಸರಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಭಾರದ ಮಾಳಿಗೆ. ಭೂಮಿ ಏಕೆ ನಡುಗಿತು, ಯಾವ ಗೋಡೆ ಬೀಳುತ್ತದೆ, ಯಾವುದು ನಿಲ್ಲುತ್ತದೆ? ಇದನ್ನು ತಿಳಿಯಹೇಳುವ ಕನ್ನಡ ಪುಸ್ತಕವೊಂದು ತಮ್ಮ ಶಾಲೆಯ ಕಪಾಟಿನಲ್ಲಿದೆಯೇ ಎಂದು ಪ್ರತಿಯೊಬ್ಬ ಗುರುಗಳೂ ಎದ್ದು ನೋಡಲಿ.

ಪಠ್ಯಪುಸ್ತಕವಿದೆಯಲ್ಲ ಎನ್ನಬೇಡಿರಿ. ಪಠ್ಯಪುಸ್ತಕ ಪರೀಕ್ಷೆಯ ಪ್ರಶ್ನೆಗೆ ಉತ್ತರ ಕೊಡುತ್ತದೆ, ಮಗು ಕೇಳುವ ಪ್ರಶ್ನೆಗಲ್ಲ. ಮರಾಠಿ ಬಂಧುಗಳು ಇದನ್ನು ಅರಿತಿದ್ದರು. ಪುಣೆಯ ಬಾಲಭಾರತಿ 1971ರಲ್ಲೇ ಪಠ್ಯದ ಆಚೆಗೆ 'ಕಿಶೋರ್' ಮಾಸಿಕವನ್ನು ಹೊರತಂದಿತು. ಅದೇ ಸಂಸ್ಥೆ ನಮ್ಮ ಮಕ್ಕಳಿಗೆ ಕನ್ನಡ ಪಠ್ಯವನ್ನು ಅಚ್ಚುಮಾಡುತ್ತದೆ. ಪಠ್ಯದ ಆಚೆಯದನ್ನೂ ಕೇಳುವ ಹಕ್ಕು ನಮಗಿದೆ. ಅಜ್ಜಿಯ ಕತೆ ಕನ್ನಡದಲ್ಲಿ, ಜ್ಞಾನವೆಲ್ಲ ಪರಭಾಷೆಯಲ್ಲಿ ಎಂದಾದರೆ, ಬುದ್ಧಿ ಬಲಿತ ದಿನ ಮಗು ಯಾವ ಭಾಷೆಯನ್ನು ಕೈಬಿಟ್ಟೀತು? ನುಡಿಗಳ ಅಳಿವಿಗೆ ಪರರ ದ್ವೇಷವೇ ಬೇಕಿಲ್ಲ. ನಮ್ಮ ಬರಿದಾದ ಕಪಾಟು ಸಾಕು.

ಆದುದರಿಂದ ಪ್ರಶಸ್ತಿ ಕೊಡುವವರು ಮಕ್ಕಳ ವಿಚಾರಗ್ರಂಥಕ್ಕೆ ಪ್ರತ್ಯೇಕ ಸ್ಥಾನ ಕಲ್ಪಿಸಲಿ. ಗ್ರಂಥಾಲಯಗಳು ಕಾರಂತ, ನಿರಂಜನ, ಸ್ವಾಮಿಯವರ ಕೃತಿಗಳನ್ನು ಬೀಗದ ಕಪಾಟಿನಿಂದ ಮಕ್ಕಳ ಕೈಗೆ ಕೊಡಲಿ. ಗುರುಬಂಧುಗಳೆ, ಉಳಿದ ಕೆಲಸ ನಮ್ಮದು. ಭೂಕಂಪವನ್ನು ಕಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ವಿದ್ಯಾರ್ಥಿಗಳು ಅವರ ಮಾತನ್ನು ಬರೆದುಕೊಳ್ಳಲಿ. ಊರಿನ ಬಾವಿ, ಬೆಳೆ, ಹಕ್ಕಿಗಳ ಲೆಕ್ಕ ಬರೆಯಲಿ. ಶಿಕ್ಷಕರು ಶಾಸ್ತ್ರದೊಡನೆ ಒರೆಹಚ್ಚಿ ತಿದ್ದಲಿ. ಬರುವ ವರ್ಷ ಮಕ್ಕಳ ಪಟ್ಟಿಯಲ್ಲಿ ನಮ್ಮ ಗಡಿನಾಡಿನ ಒಂದು ಪುಸ್ತಕವಾದರೂ ಇರಲೇಬೇಕು.